ಸೀ ಹ್ಯಾರಿಯರ್ ಜೊತೆ ದುಡಿದು ಕಲಿತದ್ದು

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ರನ್‌ವೇ ಆದ ಮೇಲೆ ನಮ್ಮ ಚಿತ್ರದುರ್ಗದ ಸೀಮೆಯ ಹುಡುಗರು ಕೇಳುವ ಪ್ರಶ್ನೆಗಳು ಬದಲಾಗಿವೆ. ಮೊದಲು ವಿಮಾನ ಎಷ್ಟು ಸ್ಪೀಡಾಗಿ ಹೋಗುತ್ತೆ ಅಂತಿದ್ದರು. ಈಗ ಹೊಳಲ್ಕೆರೆ, ಹೊಸದುರ್ಗದ ಕಾಲೇಜು ಹುಡುಗರು ಬಂದು, "ಸಾರ್, ಹಡಗಿನ ಮೇಲೆ ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ನಿಲ್ಲುತ್ತೆ? ಕೆಟ್ಟರೆ ಅಲ್ಲೇ ರಿಪೇರಿ ಮಾಡ್ತೀರಾ?" ಎಂದು ಕೇಳುತ್ತಾರೆ. ನಾನು ನೌಕಾಪಡೆಯ ವಿಮಾನ ವಿಭಾಗದಲ್ಲಿ ತಂತ್ರಜ್ಞನಾಗಿದ್ದವನು. ಸೇವೆಯ ಬಹುಭಾಗ ಕಳೆದದ್ದು ಸೀ ಹ್ಯಾರಿಯರ್ ಎಂಬ ಜೆಟ್ ಫೈಟರ್ ಜೊತೆ, ಗೋವಾದ ಐಎನ್‌ಎಸ್ ಹನ್ಸಾ ನೆಲೆಯಲ್ಲಿ ಮತ್ತು ವಿರಾಟ್ ಎಂಬ ವಿಮಾನವಾಹಕ ಹಡಗಿನಲ್ಲಿ. ಆ ಹುಡುಗರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ವಿಮಾನದ ಆಯುಷ್ಯ ಲಾಗ್‌ಬುಕ್ಕಿನಲ್ಲಿದೆ

ಹೊರಗಿನವರಿಗೆ ಸೀ ಹ್ಯಾರಿಯರ್ ಕಥೆ ಮೂರು ದಿನಾಂಕಗಳಲ್ಲಿ ಮುಗಿಯುತ್ತದೆ. 1983ರ ಡಿಸೆಂಬರ್ 16ರಂದು ಬ್ರಿಟನ್ನಿನಿಂದ ಹಾರಿಬಂದ ಮೊದಲ ಮೂರು ವಿಮಾನಗಳು ಗೋವಾದ ದಾಬೋಲಿಮ್‌ನಲ್ಲಿ ಇಳಿದವು. ಆಗ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದವರು ಅರುಣ್ ಪ್ರಕಾಶ್, ಮುಂದೆ ಇಡೀ ನೌಕಾಪಡೆಯ ಮುಖ್ಯಸ್ಥರಾದವರು. ಭಾರತಕ್ಕೆಂದೇ ಮಾಡಿದ ಮಾದರಿಗೆ ಎಫ್‌ಆರ್‌ಎಸ್ ಮಾರ್ಕ್ 51 ಎಂದು ಹೆಸರು. ಬ್ರಿಟಿಷರ ವಿಮಾನದಲ್ಲಿ ಸೈಡ್‌ವೈಂಡರ್ ಕ್ಷಿಪಣಿ ಇದ್ದರೆ ನಮ್ಮದರಲ್ಲಿ ಫ್ರಾನ್ಸಿನ ಮ್ಯಾಜಿಕ್ ಇತ್ತು. ಹಳೆಯ ವಿಕ್ರಾಂತ ಹಡಗಿನಿಂದ, ಆಮೇಲೆ ವಿರಾಟ್‌ನಿಂದ ಅವು ಹಾರಿದವು. 2016ರ ಮಾರ್ಚ್ 6ರಂದು ವಿರಾಟ್ ಡೆಕ್ಕಿನಿಂದ ಕೊನೆಯ ಹಾರಾಟ, ಮೇ 11ರಂದು ಹನ್ಸಾದಲ್ಲಿ ಬೀಳ್ಕೊಡುಗೆ.

ಈ ದಿನಾಂಕಗಳ ನಡುವೆ ಮೂವತ್ತೆರಡು ವರ್ಷಕ್ಕೂ ಹೆಚ್ಚಿನ ಕೆಲಸ ಇದೆ. ಅದೆಲ್ಲ ಒಂದೊಂದು ವಿಮಾನದ ಲಾಗ್‌ಬುಕ್ಕಿನಲ್ಲಿ, ಸಣ್ಣ ಅಕ್ಷರದಲ್ಲಿ, ಗ್ರೀಸ್ ಮೆತ್ತಿದ ಬೆರಳಿನ ಗುರುತಿನ ಜೊತೆ ಕೂತಿದೆ. ಯಾವ ಟೈರ್ ಯಾವಾಗ ಬದಲಾಯಿತು, ಯಾವ ಪಂಪ್ ಎಷ್ಟು ಗಂಟೆ ಓಡಿತು, ಬಿರುಕು ಮೊದಲು ಕಂಡದ್ದು ಎಲ್ಲಿ, ಕಂಡವರು ಯಾರು, ಸರಿ ಇದೆ ಎಂದು ಸಹಿ ಹಾಕಿದವರು ಯಾರು. ಪೈಲಟ್ ಆ ಸಹಿ ನೋಡಿ ಏಣಿ ಹತ್ತುತ್ತಾನೆ. ಹೊಸದಾಗಿ ಬಂದ ಹುಡುಗರಿಗೆ ನಾನು ಸ್ಪ್ಯಾನರ್ ಕೊಡುವ ಮೊದಲು ಹಳೆಯ ಲಾಗ್‌ಬುಕ್ ಓದಲು ಕೊಡುತ್ತಿದ್ದೆ. ಒಂದೇ ದೋಷ ಮೂರು ಸಲ ಬೇರೆ ಬೇರೆ ಮಾತಿನಲ್ಲಿ ಬರೆದಿದ್ದರೆ, ಅದರ ಮೂಲ ಇನ್ನೂ ಸಿಕ್ಕಿಲ್ಲ ಅಂತ ಓದಿಯೇ ಗೊತ್ತಾಗಬೇಕು.

2. ಕಡಲಿನಲ್ಲಿ ಶತ್ರು ಮೊದಲು ಉಪ್ಪು

ನಮ್ಮ ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಇದು ಅರ್ಥವಾಗಲು ಸ್ವಲ್ಪ ಕಾಲ ಬೇಕು. ಹಿರಿಯೂರಿನ ಒಣಗಾಳಿಯಲ್ಲಿ ಅಂಗಳದ ಮೂಲೆಗೆ ಎಸೆದ ನೇಗಿಲ ಗುಳ ವರ್ಷಗಟ್ಟಲೆ ಹಾಗೇ ಇರುತ್ತದೆ. ಕಡಲ ಮೇಲೆ ಹಾಗಲ್ಲ. ಡೆಕ್ಕಿನಲ್ಲಿ ಒಂದು ರಾತ್ರಿ ನಿಂತ ವಿಮಾನದ ಮೈಮೇಲೆ ಬೆಳಿಗ್ಗೆ ಬೆರಳಾಡಿಸಿದರೆ ಉಪ್ಪು ಅಂಟುತ್ತದೆ.

ಉಕ್ಕಿಗೆ ಹಿಡಿಯುವ ತುಕ್ಕು ಕೆಂಪಗಿರುತ್ತದೆ, ದೂರದಿಂದಲೇ ಕಾಣುತ್ತದೆ. ವಿಮಾನದ ಮೈ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹ. ಅದು ಕೊರೆದುಹೋಗುವಾಗ ಬಿಳಿ ಪುಡಿ ಬರುತ್ತದೆ, ಅದೂ ಬಣ್ಣದ ಅಡಿಯಲ್ಲಿ. ಮೇಲಿನಿಂದ ಕಾಣುವುದು ಸಣ್ಣ ಉಬ್ಬು ಮಾತ್ರ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ತಗಡಿಗೆ ಕೂತ ಕಡೆ ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯೇ ಆಗಿ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಸೀ ಹ್ಯಾರಿಯರ್ ಮಾಡಿದವರಿಗೂ ಇದು ಗೊತ್ತಿತ್ತು. ವಾಯುಪಡೆಯ ಹ್ಯಾರಿಯರ್ ಎಂಜಿನ್ನಿನಲ್ಲಿದ್ದ ಮೆಗ್ನೀಷಿಯಂ ಭಾಗಗಳನ್ನು ಕಡಲಿನ ಮಾದರಿಗೆಂದು ಬದಲಿಸಿಯೇ ಕೊಟ್ಟಿದ್ದರು.

ನಾವು ಮಾಡುತ್ತಿದ್ದ ಕೆಲಸ ನೋಡುವವರಿಗೆ ಬೇಸರ ತರಿಸುವಂಥದ್ದು. ಹಾರಿ ಬಂದ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯುವುದು, ಎಂಜಿನ್ನಿನ ಕಂಪ್ರೆಸರ್ ತೊಳೆಯುವುದು, ನೀರು ಹರಿದುಹೋಗುವ ಸಣ್ಣ ತೂತುಗಳು ಕಟ್ಟಿಕೊಂಡಿಲ್ಲವೇ ಎಂದು ತಂತಿ ಹಾಕಿ ನೋಡುವುದು, ಒರೆಸುವುದು, ತುಕ್ಕು ತಡೆಯುವ ಎಣ್ಣೆ ಸವರುವುದು. ರೆಕ್ಕೆಯ ತುದಿಯಲ್ಲಿ ಸಮತೋಲಕ್ಕೆಂದು ಇರುವ ಚಿಕ್ಕ ಚಕ್ರದ ಕಾಲಿನ ಸಂದಿಗೆ ಕೈ ಹೋಗದು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ ಹಿಡಿದು, ಕುತ್ತಿಗೆ ತಿರುಚಿ, ಹ್ಯಾಂಗರಿನ ಸೆಕೆಯಲ್ಲಿ ಒಂದೊಂದೇ ರಿವೆಟ್ ನೋಡಬೇಕು. ಒಂದರ ಸುತ್ತ ಉಗುರಂಚಿನಷ್ಟು ಬಿಳಿ ಕಂಡರೂ ಆ ಜಾಗದ ಬಣ್ಣ ಕೆರೆದು ತಳ ನೋಡಲೇಬೇಕು. ರಾತ್ರಿ ಎರಡು ಗಂಟೆ ಆಗಿದ್ದರೂ ನೋಡಬೇಕು.

3. ನೀರಿನ ಗುಣ ಕೇಳಿ

ಸೀ ಹ್ಯಾರಿಯರ್ ಓಟವಿಲ್ಲದೆ ನೇರ ಕೆಳಗಿಳಿಯುತ್ತಿತ್ತು. ಅದರ ಪೆಗಾಸಸ್ ಎಂಜಿನ್ನಿಗೆ ಪಕ್ಕದಲ್ಲಿ ನಾಲ್ಕು ನಾಝಲ್‌ಗಳು. ಅವನ್ನು ಹಿಂದಕ್ಕೆ ತಿರುಗಿಸಿದರೆ ವಿಮಾನ ಮುಂದಕ್ಕೆ ಹೋಗುತ್ತದೆ, ಕೆಳಕ್ಕೆ ತಿರುಗಿಸಿದರೆ ಗಾಳಿಯಲ್ಲೇ ನಿಲ್ಲುತ್ತದೆ. ಹಾಗೆ ನಿಂತಾಗ ಇಡೀ ಭಾರ ಎಂಜಿನ್ನಿನ ಮೇಲೆ. ಮೂಗು, ಬಾಲ, ರೆಕ್ಕೆಯ ತುದಿಗಳಲ್ಲಿರುವ ಸಣ್ಣ ರಂಧ್ರಗಳಿಂದ ಎಂಜಿನ್ನಿನದೇ ಗಾಳಿ ಬಿಟ್ಟು ಪೈಲಟ್ ಸಮತೋಲ ಕಾಯುತ್ತಾನೆ.

ಅರಬ್ಬೀ ಸಮುದ್ರದ ಬಿಸಿಗಾಳಿ ತೆಳುವಾಗಿರುವುದರಿಂದ ಎಂಜಿನ್ನಿನ ಬಲ ಕುಗ್ಗುತ್ತದೆ. ಅದಕ್ಕೆಂದೇ ವಿಮಾನದಲ್ಲಿ ಸುಮಾರು 227 ಲೀಟರ್ ನೀರಿನ ತೊಟ್ಟಿ ಇತ್ತು. ಇಳಿಯುವ ಹೊತ್ತಿಗೆ ಆ ನೀರನ್ನು ಎಂಜಿನ್ನಿಗೆ ಚಿಮ್ಮಿಸಿ ತಂಪು ಮಾಡಿದರೆ ಇನ್ನಷ್ಟು ಬಲ ತೆಗೆಯಬಹುದು. ಹಾಗೆ ಸಿಗುವ ಹೊತ್ತು ಒಂದೂವರೆ ನಿಮಿಷದ ಆಸುಪಾಸು ಮಾತ್ರ.

ಆ ನೀರು ಲವಣ ತೆಗೆದ ಶುದ್ಧ ನೀರೇ ಆಗಿರಬೇಕು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಟರ್ಬೈನಿನ ಬ್ಲೇಡುಗಳ ಮೇಲೂ ಹಾಗೆಯೇ ಕಟ್ಟುತ್ತದೆ. ಕಟ್ಟಿದರೆ ಮುಂದಿನ ಸಲ ಬಲ ಬೇಕಾದಾಗ ಸಿಗುವುದಿಲ್ಲ. ಆದ್ದರಿಂದ ಪ್ರತಿ ಸಲ ತುಂಬುವ ಮೊದಲು ನೀರಿನ ಪರೀಕ್ಷೆ. ಫ್ಲೂರೈಡ್ ನೀರಿನ ಊರುಗಳಿಂದ ಬಂದ ನಮ್ಮಂಥವರಿಗೆ ನೀರಿನ ಬಗ್ಗೆ ಹೀಗೆ ಎಚ್ಚರ ಇರುವುದು ಕಷ್ಟವಾಗಲಿಲ್ಲ. ನೀರು ಅಂದರೆ ನೀರು ಎಂದು ಬೆಳೆದವರಿಗೆ ಮಾತ್ರ ನಾಲ್ಕು ಸಲ ಹೇಳಬೇಕಾಗುತ್ತಿತ್ತು.

4. ಒಂದು ಕೆಲಸಕ್ಕೆ ಹತ್ತು ಕೆಲಸ ಬಿಚ್ಚಬೇಕು

ಪೆಗಾಸಸ್ ಎಂಜಿನ್ ವಿಮಾನದ ನಟ್ಟನಡುವೆ, ರೆಕ್ಕೆಯ ಕೆಳಗೆ ಕೂತಿರುತ್ತದೆ. ಎಂಜಿನ್ ತೆಗೆಯಬೇಕಾದರೆ ಮೊದಲು ಇಡೀ ರೆಕ್ಕೆಯನ್ನೇ ಎತ್ತಿ ಪಕ್ಕಕ್ಕಿಡಬೇಕು. ಇಂಧನದ ಪೈಪು, ಹೈಡ್ರಾಲಿಕ್ ಪೈಪು, ವೈರು, ಕಂಟ್ರೋಲ್ ರಾಡು ಎಲ್ಲ ಬಿಚ್ಚಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ತುದಿಗೆ ಮುಚ್ಚಳ ಹಾಕಬೇಕು. ಮತ್ತೆ ಜೋಡಿಸಿದ ಮೇಲೆ, ಕೆಲಸ ಮಾಡಿದವನನ್ನು ಬಿಟ್ಟು ಬೇರೊಬ್ಬ ಬಂದು ಕಂಟ್ರೋಲ್‌ಗಳನ್ನು ಮೊದಲಿನಿಂದ ನೋಡಿ ಸಹಿ ಹಾಕಬೇಕು. ನನ್ನ ಗೆಳೆಯನ ಕೆಲಸದ ಮೇಲೆ ನನಗೆ ನಂಬಿಕೆ ಇದೆ ಎಂದು ಸುಮ್ಮನೆ ಸಹಿ ಹಾಕುವಂತಿಲ್ಲ. ಗೆಳೆತನ ಮೆಸ್ಸಿನಲ್ಲಿ.

5. ಒಂದು ವಾಷರು

ಬೆಳಗ್ಗೆ ಹಾರಾಟಕ್ಕೆ ಮೊದಲು ಡೆಕ್ಕಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ, ತಲೆ ತಗ್ಗಿಸಿ ನಡೆಯುತ್ತಿದ್ದೆವು. ಆಫೀಸರು, ಸೇಲರು ಎಂಬ ಭೇದವಿಲ್ಲ. ಬಿದ್ದ ತಂತಿ ಚೂರು, ನಟ್ಟು, ವಾಷರು, ಬಣ್ಣದ ಚಕ್ಕೆ ಎಲ್ಲ ಆರಿಸಬೇಕು. ಜೆಟ್ ಎಂಜಿನ್ ಎದುರಿನದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಟೂಲ್‌ಬಾಕ್ಸಿನಲ್ಲಿ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗುಂಡಿ ಇರುತ್ತದೆ. ಒಂದು ಗುಂಡಿ ಖಾಲಿ ಇದ್ದರೆ, ಅದು ಸಿಗುವ ತನಕ ಆ ವಿಮಾನ ಹಾರುವುದಿಲ್ಲ. ಊರಿಗೆ ಬಂದ ಮೇಲೆ ನಮ್ಮ ಗ್ಯಾರೇಜ್ ಹುಡುಗರಿಗೂ ಇದನ್ನು ಹೇಳಿದ್ದೇನೆ, ಇಬ್ಬರು ಪಾಲಿಸುತ್ತಿದ್ದಾರೆ.

6. ಏರುವುದಕ್ಕಿಂತ ಇಳಿಯುವ ಲೆಕ್ಕ ದೊಡ್ಡದು

ಹುಡುಗರು ಹೆಚ್ಚು ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೀ ಹ್ಯಾರಿಯರ್‌ಗಿಂತ ಮೊದಲು ನಮ್ಮಲ್ಲಿದ್ದದ್ದು ಸೀ ಹಾಕ್. 1971ರ ಡಿಸೆಂಬರಿನಲ್ಲಿ ಹಳೆಯ ವಿಕ್ರಾಂತದಿಂದ ಹೊರಟು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು ಅವೇ. ಹಡಗಿನ ಒಂದು ಬಾಯ್ಲರ್ ಬಿರುಕು ಬಿಟ್ಟು ಪೂರ್ತಿ ವೇಗ ಸಿಗದಿದ್ದರೂ ಅವನ್ನು ಹಾರಿಸಿದ ಇಂಜಿನಿಯರುಗಳ ಬಗ್ಗೆ ನಮ್ಮ ಹಿರಿಯರು ಭಕ್ತಿಯಿಂದ ಮಾತಾಡುತ್ತಿದ್ದರು. ಸೀ ಹಾಕ್ ಏರಲು ಆವಿಯ ಕೆಟಪುಲ್ಟ್ ಬೇಕು. ಇಳಿಯುವಾಗ ಬಾಲದ ಕೊಕ್ಕೆಯಿಂದ ಡೆಕ್ಕಿನ ಉಕ್ಕಿನ ಹಗ್ಗ ಹಿಡಿಯಬೇಕು.

ಸೀ ಹ್ಯಾರಿಯರ್‌ಗೆ ಎರಡೂ ಬೇಡ. ವಿರಾಟ್‌ನ ಮುಂತುದಿ 12 ಡಿಗ್ರಿ ಮೇಲಕ್ಕೆ ಬಾಗಿತ್ತು. ಸ್ವಲ್ಪ ಓಡಿ ಆ ಏರಿನಿಂದ ಚಿಮ್ಮಿದರೆ ಸಾಕು, ಪೂರ್ತಿ ವೇಗ ಗಾಳಿಯಲ್ಲಿ ಸಿಗುತ್ತದೆ. ಈ ಉಪಾಯ ಕಂಡುಹಿಡಿದವರು ಬ್ರಿಟಿಷ್ ನೌಕಾಪಡೆಯ ಡಗ್ ಟೇಲರ್. ಹಿಂತಿರುಗುವಾಗ ವಿಮಾನ ಹಡಗಿನ ಎಡಪಕ್ಕಕ್ಕೆ ಬಂದು, ಹಡಗಿನ ವೇಗಕ್ಕೆ ಸರಿಯಾಗಿ ಗಾಳಿಯಲ್ಲಿ ನಿಂತು, ಮೆಲ್ಲಗೆ ಅಡ್ಡಕ್ಕೆ ಸರಿದು, ಡೆಕ್ಕಿನ ಮೇಲೆ ಕುಳಿತುಕೊಳ್ಳುತ್ತದೆ.

ಇಲ್ಲಿದೆ ಲೆಕ್ಕ. ಎಂಜಿನ್ ಎತ್ತಬಲ್ಲದ್ದು ಸುಮಾರು ಒಂಬತ್ತೂವರೆ ಟನ್. ಖಾಲಿ ವಿಮಾನವೇ ಆರು ಟನ್ನಿಗೂ ಹೆಚ್ಚು. ಉಳಿದದ್ದರಲ್ಲಿ ಇಂಧನ, ನೀರು, ಕ್ಷಿಪಣಿ ಎಲ್ಲ ಬರಬೇಕು, ಬಿಸಿಲಿನ ದಿನ ಆ ಒಂಬತ್ತೂವರೆಯೂ ಪೂರ್ತಿ ಸಿಗುವುದಿಲ್ಲ. ಮೇಲಾಗಿ ಡೆಕ್ಕಿಗೆ ಹತ್ತಿರವಾದಂತೆ ಎಂಜಿನ್ನಿನ ಬಿಸಿಗಾಳಿ ಪುಟಿದು ಮತ್ತೆ ಎಂಜಿನ್ನಿಗೇ ಹೋದರೆ ಬಲ ಇನ್ನೂ ಕುಗ್ಗುತ್ತದೆ. ಹೊತ್ತೊಯ್ದದ್ದನ್ನೆಲ್ಲ ಹೊತ್ತು ತರಲಾಗದು. ಹೊರಡುವ ಮೊದಲೇ, ಎಷ್ಟು ಇಂಧನ ಉಳಿದಾಗ ಇಳಿಯಬೇಕು ಎಂದು ಬರೆದಿಟ್ಟು ಹೊರಡಬೇಕು. ತಂತ್ರಜ್ಞರಾದ ನಮಗೂ ಈ ಲೆಕ್ಕ ಗೊತ್ತಿರಲೇಬೇಕು. ನಾವು ಸೇರಿಸುವ ಪ್ರತಿ ಕಿಲೋ, ಯಾರೋ ಒಬ್ಬ ಪೈಲಟ್ ಹಿಂತಿರುಗುವಾಗಿನ ಇಂಧನದಲ್ಲಿ ಕಡಿತವಾಗುತ್ತದೆ.

7. ಕಿವಿ ಕಾಪಾಡಿಕೊಳ್ಳಿ

ಹೋದ ಕಿವಿ ಮರಳುವುದಿಲ್ಲ. ಡೆಕ್ಕಿನ ಮೇಲೆ ಕೈಸನ್ನೆಯೇ ಭಾಷೆ. ಕಿವಿಗೆ ಮುಚ್ಚಳವಿಲ್ಲದೆ ಎಂಜಿನ್ ಹತ್ತಿರ ಹೋಗಬೇಡಿ, ಯಾರು ಕರೆದರೂ.

8. ಬಿದ್ದ ವಿಮಾನದ ಚೂರು ಮುಟ್ಟಬೇಡಿ

ಭಾರತ ಕೊಂಡ ಮೂವತ್ತರ ಆಸುಪಾಸಿನ ಸೀ ಹ್ಯಾರಿಯರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಅಪಘಾತಗಳಲ್ಲಿ ಹೋದವು. ಪೈಲಟ್‌ಗಳು ಹೋದರು. ಇದನ್ನು ಮುಚ್ಚಿಟ್ಟು ಈ ವಿಮಾನದ ಕಥೆ ಹೇಳುವುದು ಅವರಿಗೆ ಮಾಡುವ ಅಪಚಾರ. ಗಾಳಿಯಲ್ಲಿ ನಿಂತು ಇಳಿಯುವ ವಿಮಾನಕ್ಕೆ ಎಂಜಿನ್ ಒಂದೇ. ಕೆಳಗೆ ಬಂದಾಗ ಅದು ಕೈಕೊಟ್ಟರೆ ಪೈಲಟ್‌ಗೆ ಉಳಿಯುವ ಸಮಯ ಕ್ಷಣಗಳಷ್ಟೇ.

ಅಪಘಾತವಾದ ಮೇಲೆ ಮೊದಲು ಆಗುವುದು ಆ ವಿಮಾನದ ಲಾಗ್‌ಬುಕ್ಕು, ಇಂಧನದ ಮಾದರಿ, ಟೂಲ್ ಲೆಕ್ಕ ಎಲ್ಲಕ್ಕೂ ಬೀಗ. ಆಮೇಲೆ ಸಿಕ್ಕ ಪ್ರತಿ ಚೂರನ್ನೂ ನೆಲದ ಮೇಲೆ ಅದರದರ ಜಾಗದಲ್ಲಿ ಜೋಡಿಸುತ್ತಾ ಹೋಗುವುದು. ಮುರಿದ ಬ್ಲೇಡಿನ ಅಂಚು ನೋಡಿದರೆ ಅದು ಮೊದಲೇ ದಣಿದು ಬಿರಿದಿತ್ತೋ, ಬಿದ್ದ ಪೆಟ್ಟಿಗೆ ಮುರಿಯಿತೋ ಹೇಳಬಹುದು. ಯಾರಾದರೂ ಅದನ್ನು ಒರೆಸಿದರೆ, ಸರಿಸಿದರೆ, ಮನೆಗೊಯ್ದರೆ ಆ ಸಾಕ್ಷಿ ಹೋಯಿತು.

ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿ ಡಿಆರ್‌ಡಿಓದ ಪೈಲಟ್‌ರಹಿತ ವಿಮಾನಗಳು ಬಿದ್ದವು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಸುತ್ತಲಿನ ಊರಿನವರೆಲ್ಲ ಸೇರಿದರು, ಫೋಟೊ ತೆಗೆದರು. ನೋಡುವ ಆಸೆ ಸಹಜ. ಆದರೆ ಒಡೆದ ಕಾಂಪೋಸಿಟ್ ರೆಕ್ಕೆಯ ಎಳೆಗಳು ಚರ್ಮಕ್ಕೆ, ಉಸಿರಿಗೆ ಹೋಗುತ್ತವೆ. ಚೆಲ್ಲಿದ ಇಂಧನ ಹತ್ತಿಕೊಳ್ಳಬಹುದು, ಬ್ಯಾಟರಿ ಸಿಡಿಯಬಹುದು. ಆದಷ್ಟು ದೂರ ನಿಲ್ಲಿ, ಬೀಡಿ ಹಚ್ಚಬೇಡಿ, ದನಕುರಿ ಆಕಡೆ ಬಿಡಬೇಡಿ, ಪೊಲೀಸರಿಗೆ ಫೋನ್ ಮಾಡಿ. ಗ್ರಾಮ ಪಂಚಾಯ್ತಿಗಳಲ್ಲಿ ಇಷ್ಟನ್ನು ಬರೆದು ಗೋಡೆಗೆ ಅಂಟಿಸಬೇಕು ಎಂದು ನನ್ನ ಒತ್ತಾಯ.

9. ಹಳೆಯ ವಿಮಾನಕ್ಕೆ ಹೊಸ ಕಣ್ಣು ಹಾಕಬಹುದು, ಹೊಸ ಎಲುಬು ಹಾಕಲಾಗದು

2000ದ ದಶಕದಲ್ಲಿ ಉಳಿದ ಸೀ ಹ್ಯಾರಿಯರ್‌ಗಳಿಗೆ ಬೆಂಗಳೂರಿನ ಎಚ್‌ಎಎಲ್ ಮೂಲಕ ಇಸ್ರೇಲಿನ ಹೊಸ ರೇಡಾರ್ ಕೂರಿಸಿ, ಡರ್ಬಿ ಕ್ಷಿಪಣಿ ಕೊಟ್ಟರು. ಮೊದಲಿದ್ದ ಬ್ಲೂ ಫಾಕ್ಸ್ ರೇಡಾರಿಗೆ ಹೋಲಿಸಿದರೆ ಅದು ಬೇರೆಯೇ ವಿಮಾನ ಆಯಿತು. ದೂರದ ಗುರಿಯನ್ನು ಕಣ್ಣಿಗೆ ಕಾಣುವ ಮೊದಲೇ ಹೊಡೆಯುವ ಶಕ್ತಿ ಬಂತು. ಆದರೆ ಒಳಗಿನ ಚೌಕಟ್ಟು, ಕಾಲು, ಎಂಜಿನ್ ಹಳೆಯವೇ. 2006ರಲ್ಲಿ ಬ್ರಿಟನ್ ತನ್ನ ಸೀ ಹ್ಯಾರಿಯರ್‌ಗಳನ್ನು ನಿಲ್ಲಿಸಿದ ಮೇಲೆ ಈ ವಿಮಾನ ಹಾರಿಸುತ್ತಿದ್ದ ನೌಕಾಪಡೆ ಜಗತ್ತಿನಲ್ಲಿ ನಮ್ಮದೊಂದೇ. ಬಿಡಿಭಾಗಕ್ಕೆ ಕಾಯುವುದು ದಿನಚರಿಯಾಯಿತು. ಒಂದು ವಿಮಾನದ ಭಾಗ ತೆಗೆದು ಇನ್ನೊಂದಕ್ಕೆ ಹಾಕಿ ಹಾರಿಸುವುದನ್ನು ತಂತ್ರಜ್ಞರು ಯಾರೂ ಇಷ್ಟಪಡುವುದಿಲ್ಲ. ಆ ಭಾಗ ಎರಡು ಸಲ ಬಿಚ್ಚಿದಂತೆ, ಎರಡು ಸಲ ಸವೆದಂತೆ. ವಿಮಾನ ಕೊಳ್ಳುವ ದಿನವೇ ಮೂವತ್ತು ವರ್ಷದ ಬಿಡಿಭಾಗದ ಮಾತು ಮುಗಿಸಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2025ರ ಏಪ್ರಿಲ್ 28ರಂದು 26 ರಫೇಲ್ ಮರೀನ್ ವಿಮಾನಗಳಿಗೆ ಒಪ್ಪಂದವಾದಾಗ ನಾನು ಸುದ್ದಿಯಲ್ಲಿ ಹುಡುಕಿದ್ದು ನಿರ್ವಹಣೆಯ ಷರತ್ತುಗಳನ್ನು.

10. ಸೇವೆಗೆ ಬರದ ವಿಮಾನವೂ ಸೇವೆ ಮಾಡಿದೆ

ನೌಕಾ ತೇಜಸ್ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅದು ಬೆಂಗಳೂರಿನಲ್ಲಿ ರೂಪುಗೊಂಡ ವಿಮಾನ. ಮೊದಲನೆಯದು 2012ರ ಏಪ್ರಿಲ್ 27ರಂದು ಹಾರಿತು, ಹಾರಿಸಿದವರು ಕಮಡೋರ್ ಜೈದೀಪ್ ಮಾವಳಣಕರ್. 2014ರ ಡಿಸೆಂಬರ್ 20ರಂದು ಗೋವಾದ ನೆಲದ ಮೇಲೆ ಕಟ್ಟಿದ ಏರಿನಿಂದ ಚಿಮ್ಮಿತು. ಎರಡನೆಯದು 2019ರ ಸೆಪ್ಟೆಂಬರ್ 13ರಂದು ಅಲ್ಲೇ ಕೊಕ್ಕೆಯಿಂದ ಹಗ್ಗ ಹಿಡಿದು ನಿಂತಿತು. 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಇಳಿಯಿತು, ಮರುದಿನ ಹಾರಿತು. ನಮ್ಮ ಕಾರವಾರದ ಕದಂಬ ನೆಲೆಯ ಹಡಗು ಅದು. 2023ರ ಫೆಬ್ರುವರಿ 6ರಂದು ಹೊಸ ವಿಕ್ರಾಂತದ ಮೇಲೂ ಇಳಿಯಿತು.

ಕೊಕ್ಕೆ ಬಳಸಿ ಹಡಗಿನ ಮೇಲೆ ಇಳಿಯುವ ವಿಮಾನ ರನ್‌ವೇಯಲ್ಲಿನ ಹಾಗೆ ಮೂಗೆತ್ತಿ ಮೆಲ್ಲಗೆ ತಾಗುವುದಿಲ್ಲ, ಬಂದ ಇಳಿಜಾರಿನಲ್ಲೇ ಡೆಕ್ಕಿಗೆ ಬಡಿಯುತ್ತದೆ. ತಾಗಿದೊಡನೆ ಪೈಲಟ್ ಎಂಜಿನ್ ಪೂರ್ತಿ ಬಿಡುತ್ತಾನೆ. ಕೊಕ್ಕೆಗೆ ಹಗ್ಗ ಸಿಗದಿದ್ದರೆ ಮತ್ತೆ ಹಾರಬೇಕಲ್ಲ. ಆ ಬಡಿತ ತಡೆಯಲು ಗಟ್ಟಿ ಕಾಲು ಕೊಟ್ಟರು, ಡೆಕ್ಕು ಕಾಣಲೆಂದು ಮೂಗು ಬಾಗಿಸಿದರು, ನಿಧಾನವಾಗಿ ಬರಲೆಂದು ರೆಕ್ಕೆಯ ಬುಡಕ್ಕೆ ಚಲಿಸುವ ಪಟ್ಟಿ ಸೇರಿಸಿದರು. ತೂಕ ಏರಿತು. 2016ರ ಡಿಸೆಂಬರಿನಲ್ಲಿ ನೌಕಾಪಡೆಯ ಮುಖ್ಯಸ್ಥ ಸುನಿಲ್ ಲಾಂಬಾ, ಹಡಗಿನಿಂದ ಬೇಕಾದಷ್ಟು ಹೊರೆ ಹೊತ್ತು ಹಾರಲು ಇದಕ್ಕೆ ಆಗದು ಎಂದು ಹೇಳಿದರು. ಅದು ನ್ಯಾಯವಾದ ಮಾತು. ಆಮೇಲೂ ಪರೀಕ್ಷೆ ನಿಲ್ಲಿಸದೆ ಮುಂದುವರಿಸಿದ್ದೂ ಅಷ್ಟೇ ನ್ಯಾಯ. ಕೊಕ್ಕೆ, ಕಾಲು, ಏರಿನಿಂದ ಚಿಮ್ಮುವಾಗಿನ ಕಂಟ್ರೋಲ್ ಸಾಫ್ಟ್‌ವೇರ್ ಇವನ್ನು ಯಾವ ದೇಶವೂ ಕೈಹಿಡಿದು ಕಲಿಸುವುದಿಲ್ಲ. ಎರಡು ಎಂಜಿನ್ನಿನ ಮುಂದಿನ ನೌಕಾ ವಿಮಾನ ಮಾಡುವವರ ಮೇಜಿನ ಮೇಲೆ ಈಗ ಆ ಅಂಕಿಗಳಿವೆ.

11. ದುರ್ಗಕ್ಕೂ ಕಡಲಿಗೂ ಈಗ ನಂಟಿದೆ

2017ರ ಮೇ 28ರಂದು ಉದ್ಘಾಟನೆಯಾದ ನಮ್ಮ ವರವು ಕಾವಲಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಿಂದ 2023ರ ಜೂನ್ 16ರ ಬೆಳಿಗ್ಗೆ 7.35ಕ್ಕೆ ತಪಸ್ ಎಂಬ ಪೈಲಟ್‌ರಹಿತ ವಿಮಾನ ಏರಿತು. ಕಾರವಾರದ ನೆಲೆ ಅಲ್ಲಿಂದ 285 ಕಿಲೋಮೀಟರ್. ಕಡಲಿನಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗು 20,000 ಅಡಿ ಎತ್ತರದ ಆ ವಿಮಾನದ ಹಿಡಿತ ತೆಗೆದುಕೊಂಡು 40 ನಿಮಿಷ ನಡೆಸಿತು. ಒಟ್ಟು ಮೂರೂವರೆ ಗಂಟೆ ಹಾರಿ ಅದು ಮತ್ತೆ ಇಲ್ಲೇ ಇಳಿಯಿತು. ಇದೇ ರನ್‌ವೇಯಲ್ಲಿ 2024ರ ಜೂನ್ 23ರಂದು ಇಸ್ರೋದ ರೆಕ್ಕೆಯುಳ್ಳ ವಾಹನ ಪುಷ್ಪಕ್ ಗಂಟೆಗೆ 320 ಕಿಲೋಮೀಟರ್ ಮೀರಿದ ವೇಗದಲ್ಲಿ ನೆಲ ಮುಟ್ಟಿತು. ಮೊದಲು ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಹತ್ತಿರಕ್ಕೆ ಇಳಿಸಿ, ಆಮೇಲಷ್ಟೇ ಚಕ್ರದ ಬ್ರೇಕ್ ಹಿಡಿಯಿತು. ಟೈರ್ ಯಾಕೆ ಸುಡಲಿಲ್ಲ ಎಂದು ಕೇಳಿದ ಹುಡುಗನಿಗೆ ಉತ್ತರ ಇದೇ.

ಆ ನೆಲ ಅಮೃತಮಹಲ್ ಕಾವಲು, ಕುರಿ ಮೇಯಿಸಿ ಕಂಬಳಿ ನೇಯ್ದು ಬದುಕಿದವರ ನೆಲ. ಅವರು ಬಿಟ್ಟುಕೊಟ್ಟದ್ದು ದೊಡ್ಡದು. ಅವರ ಮಕ್ಕಳು ಆ ಬೇಲಿಯ ಹೊರಗೆ ಕಾವಲುಗಾರರಾಗಿ ಮಾತ್ರ ಇರಬಾರದು, ಒಳಗೆ ತಂತ್ರಜ್ಞರಾಗಿ ಇರಬೇಕು.

12. ಹೋಗುವವರಿಗೆ

ಸೇಲರ್ ಆಗಿ ಸೇರಿದರೆ ಮೊದಲ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ವಿಮಾನದ ಕೆಲಸ ಸಿಕ್ಕರೆ ಕೊಚ್ಚಿಯ ನೌಕಾ ವೈಮಾನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ ಕಲಿಯುತ್ತೀರಿ. ಪಿಯುಸಿಯ ಗಣಿತ, ಭೌತಶಾಸ್ತ್ರ ಚೆನ್ನಾಗಿರಲಿ. ಮ್ಯಾನ್ಯುಯಲ್ ಎಲ್ಲ ಇಂಗ್ಲಿಷಿನಲ್ಲಿ, ಮಾತು ಹಿಂದಿಯಲ್ಲಿ. ಎರಡೂ ಆರು ತಿಂಗಳಲ್ಲಿ ಹತ್ತುತ್ತವೆ, ಅದಕ್ಕೆ ಹೆದರಿ ಹಿಂದೆ ಸರಿಯಬೇಡಿ. ಕೈಬರಹ ತಿದ್ದಿಕೊಳ್ಳಿ, ನೀವು ಬರೆದದ್ದನ್ನು ಹತ್ತು ವರ್ಷದ ನಂತರ ಇನ್ನೊಬ್ಬ ಓದಬೇಕು.

ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಸೋಲುವುದು ಈಜಿನಲ್ಲಿ. ನೌಕಾಪಡೆಯಲ್ಲಿ ಈಜಿನ ಪರೀಕ್ಷೆ ಪಾಸಾಗಲೇಬೇಕು. ಹಾಗೆಂದು ಒಬ್ಬರೇ ವಾಣಿವಿಲಾಸ ಸಾಗರದ ಹಿನ್ನೀರಿಗೆ ಇಳಿಯಬೇಡಿ, ಅಲ್ಲಿ ಆಳ ತಿಳಿಯುವುದಿಲ್ಲ. ಮೆಟ್ಟಿಲಿರುವ ತೋಟದ ಬಾವಿ ಆದರೂ ಸರಿ, ಊರಿನಲ್ಲಿ ಈಜು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅರ್ಜಿ ಹಾಕುವುದಕ್ಕೂ ಮೊದಲೇ ಶುರು ಮಾಡಿ.